ಹಳೆಯ ಮನೆಗಳ ಓಣಿಯಲ್ಲಿ ನಡೆಯುವಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮೂರು ಹೆಚ್ಚುಕಡಿಮೆ ಒಂದೇ ವಿಷಯದವು. ಮೊದಲನೆಯ ಪತ್ರ ಉಳಿದೆರಡಕ್ಕೂ ದಾರಿ ಮಾಡಿಕೊಡುವುದರಿಂದ ಅದಕ್ಕೆ ವಿಸ್ತಾರವಾಗಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ಮಗಳು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿದ್ದಾಳೆ. ಹೋದ ಸಲ ಹೋದಾಗ ಬಣ್ಣಬಣ್ಣದ ಹಳೆಯ ಮನೆಗಳ ಸಾಲಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಬಂದೆವು. ಅವುಗಳನ್ನು ವಿಕ್ಟೋರಿಯನ್ ಮನೆಗಳು ಎಂದರು. ವಿಕ್ಟೋರಿಯಾ ಇಂಗ್ಲೆಂಡಿನ ರಾಣಿ. ಅಮೆರಿಕದ ಮನೆಗೆ ಆಕೆಯ ಹೆಸರೇಕೆ? ಬರುವ ಬೇಸಿಗೆಗೆ ಮತ್ತೆ ಹೊರಟಿದ್ದೇವೆ. ಆ ಓಣಿಗಳಲ್ಲಿ, ಅಲ್ಲಿಯ ಚರ್ಚುಗಳಲ್ಲಿ ನೋಡಬೇಕಾದದ್ದು ಏನು? ನನಗೆ ಮೊಣಕಾಲು ನೋವಿದೆ, ಏರು ಹತ್ತಲಾಗದು. (ನಿವೃತ್ತ ಶಿಕ್ಷಕಿ, ಕಲಬುರಗಿ)

ಉತ್ತರ: ಗುರುಮಾತೆಯವರೇ, ಹೆಸರಿನ ಗೊಂದಲವನ್ನು ಮೊದಲು ಬಿಡಿಸೋಣ. ವಿಕ್ಟೋರಿಯಾ ಪಟ್ಟವೇರಿದ್ದು 1837ರಲ್ಲಿ, ತೀರಿಕೊಂಡದ್ದು 1901ರಲ್ಲಿ. ಆ ಅರವತ್ತನಾಲ್ಕು ವರ್ಷಗಳಲ್ಲಿ ಇಂಗ್ಲಿಷ್ ಮಾತನಾಡುವ ನಾಡುಗಳಲ್ಲಿ ಎದ್ದ ಕಟ್ಟಡಗಳಿಗೆಲ್ಲ, ಆಕೆಯ ಆಳ್ವಿಕೆ ಅಲ್ಲಿ ಇರಲಿ ಇಲ್ಲದಿರಲಿ, ಈ ಹೆಸರು ಅಂಟಿಕೊಂಡಿದೆ. ನಾವು ಕಲಬುರಗಿಯಲ್ಲಿ 'ನಿಜಾಮರ ಕಾಲದ ಮನೆ' ಎನ್ನುವುದಿಲ್ಲವೇ? ಆ ಮನೆಯನ್ನು ನಿಜಾಮರು ಕಟ್ಟಿಸಿರುವುದಿಲ್ಲ, ಬಹುಶಃ ಅದರ ಮುಂದೆ ಹಾದೂ ಇರುವುದಿಲ್ಲ. ಹಾಗೆಯೇ ಇದು ಕಾಲದ ಗುರುತು. ಒಂದೇ ಶೈಲಿಯ ಹೆಸರಲ್ಲ. ಈ ಒಂದು ಮಾತನ್ನು ನೆನಪಿಟ್ಟುಕೊಂಡರೆ, ಪಕ್ಕಪಕ್ಕದ ಎರಡು ಮನೆಗಳು ಒಂದನ್ನೊಂದು ಹೋಲದಿದ್ದರೂ ಎರಡನ್ನೂ ವಿಕ್ಟೋರಿಯನ್ ಎಂದು ಏಕೆ ಕರೆಯುತ್ತಾರೆ ಎಂಬುದು ಅರ್ಥವಾಗುತ್ತದೆ.

ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮನೆಯ ವಯಸ್ಸನ್ನು ಅಂದಾಜಿಸಲು ಒಂದು ಸುಲಭದ ಉಪಾಯವಿದೆ. ಮುಂಭಾಗದಲ್ಲಿ ಬೀದಿಯ ಕಡೆಗೆ ಚಾಚಿಕೊಂಡಿರುವ ಕಿಟಕಿಯನ್ನು, ಅಂದರೆ ಬೇ ವಿಂಡೊವನ್ನು ನೋಡಿ. ಅದರ ಎರಡು ಪಕ್ಕಗಳು ಓರೆಯಾಗಿ ಗೋಡೆಗೆ ಸೇರಿದ್ದು, ಸೂರಿನ ಕೆಳಗೆ ಮರದ ಆಧಾರಗಳ ಸಾಲಿದ್ದರೆ ಆ ಮನೆ ಸಾಮಾನ್ಯವಾಗಿ 1870ರ ದಶಕದ್ದು. ಅದಕ್ಕೆ ಇಟಾಲಿಯನೇಟ್ ಎನ್ನುತ್ತಾರೆ. ಕಿಟಕಿ ಪೆಟ್ಟಿಗೆಯಂತೆ ನೇರ ಮೂಲೆಗಳದ್ದಾಗಿದ್ದು, ಅದರ ಮೇಲೆ ಉದ್ದುದ್ದ ಪಟ್ಟಿಗಳನ್ನು ಬಡಿದಿದ್ದರೆ ಅದು 1880ರ ದಶಕದ ಸ್ಟಿಕ್ ಶೈಲಿ. ಮೂಲೆಯಲ್ಲಿ ದುಂಡನೆಯ ಗೋಪುರ, ಮೇಲೆ ತ್ರಿಕೋನದ ಮುಖ, ಅದರ ಮೇಲೆ ಮೀನಿನ ಪೊರೆಯಂತೆ ಒಂದರ ಮೇಲೊಂದು ಜೋಡಿಸಿದ ಮರದ ಚೂರುಗಳಿದ್ದರೆ ಅದು 1890ರ ಆಸುಪಾಸಿನ ಕ್ವೀನ್ ಆ್ಯನ್ ಶೈಲಿ. ಅಪವಾದಗಳು ಇದ್ದೇ ಇರುತ್ತವೆ. ಆದರೂ ಒಂದು ಮಧ್ಯಾಹ್ನದೊಳಗೆ ನಿಮ್ಮ ಕಣ್ಣು ಪಳಗಿ, ಮಗಳಿಗೆ ನೀವೇ ಪಾಠ ಹೇಳುವಂತಾಗುತ್ತದೆ. ಅಲ್ಲಿ ನಿವೇಶನಗಳು ಸಾಮಾನ್ಯವಾಗಿ 25 ಅಡಿ ಅಗಲ, ಮನೆಗಳು ಒಂದಕ್ಕೊಂದು ಒತ್ತಿಕೊಂಡಿವೆ, ಮೇಲಾಗಿ ಮಂಜು ಮುಸುಕುವ ಊರು. ಹೀಗಾಗಿ ಇದ್ದಷ್ಟು ಬೆಳಕನ್ನು ಮೂರು ದಿಕ್ಕಿನಿಂದ ಒಳಗೆ ಸೆಳೆದುಕೊಳ್ಳಲು ಕಿಟಕಿಯನ್ನು ಹೊರಗೆ ಚಾಚಿದರು. ಬಿಸಿಲನ್ನು ಹೊರಗಿಡಲು ಗೋಡೆಯನ್ನು ಎರಡು ಮೊಳ ದಪ್ಪ ಕಟ್ಟುವ ನಮ್ಮ ಕಡೆಯವರಿಗೆ ಇದು ತಲೆಕೆಳಗಾದ ಲೆಕ್ಕವೆಂದು ತೋರುವುದು ಸಹಜ.

ಆ ಮನೆಗಳು ಕಲ್ಲಿನವಲ್ಲ, ಇಟ್ಟಿಗೆಯವೂ ಅಲ್ಲ. ದೂರದಿಂದ ಕಲ್ಲಿನ ಕಂಬದಂತೆ ಕಾಣುವುದನ್ನು ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಅದು ಉತ್ತರ ಕ್ಯಾಲಿಫೋರ್ನಿಯಾದ ಕಾಡುಗಳಿಂದ ಕಡಿದು ತಂದ ರೆಡ್‌ವುಡ್ ಮರ. ಉಗಿಯಂತ್ರದ ಗರಗಸಗಳೂ ಲೇತುಗಳೂ ಬಂದ ಮೇಲೆ, ಹಿಂದೆ ಶಿಲ್ಪಿಯೊಬ್ಬ ವಾರಗಟ್ಟಲೆ ಕುಳಿತು ಮಾಡಬೇಕಾಗಿದ್ದ ಕೆತ್ತನೆಯನ್ನು ಕಾರ್ಖಾನೆಗಳು ರಾಶಿರಾಶಿಯಾಗಿ ಮಾಡಿಕೊಟ್ಟವು. ಕಟ್ಟುವವರು ಪಟ್ಟಿ ನೋಡಿ ಬೇಕಾದ ಹೂವು, ಬಳ್ಳಿ, ಆಧಾರಗಳನ್ನು ತರಿಸಿ ಮೊಳೆ ಹೊಡೆದರು. ಗುಮಾಸ್ತರೂ ಅಂಗಡಿಯವರೂ ಅರಮನೆಯ ಮುಖವುಳ್ಳ ಮನೆಯನ್ನು ಕೊಳ್ಳುವಂತಾದದ್ದು ಹೀಗೆ. 1870ರ ದಶಕದಲ್ಲಿ ಒಂದೇ ಸಂಸ್ಥೆ ಆ ಊರಿನಲ್ಲಿ ಇಂತಹ ಸಾವಿರಕ್ಕೂ ಹೆಚ್ಚು ಮನೆಗಳನ್ನು ಕಟ್ಟಿ ಮಾರಿತು ಎಂದರೆ, ಇಂದಿನ ನಮ್ಮ ಲೇಔಟುಗಳ ಅಜ್ಜ ಅಲ್ಲಿಯೇ ಹುಟ್ಟಿದ ಎನ್ನಬೇಕು.

ಈಗ ನಾನು ಹೇಳಬೇಕೆಂದಿರುವ ಮುಖ್ಯ ಮಾತಿಗೆ ಬರುತ್ತೇನೆ. ಎರಡು ಮನೆಗಳ ನಡುವೆ ಸಂದಿ ಕಂಡಲ್ಲಿ ನಿಂತು ಒಳಗೆ ಇಣುಕಿ. ಮುಂಭಾಗದಲ್ಲಿ ಒಂದು ಗೇಣು ಜಾಗವನ್ನೂ ಬಿಡದೆ ಹರಡಿರುವ ಅಲಂಕಾರವೆಲ್ಲ ಮೂಲೆ ತಿರುಗಿದ ಕೂಡಲೇ ಕತ್ತರಿಸಿದಂತೆ ನಿಂತುಬಿಡುತ್ತದೆ. ಪಕ್ಕದ ಗೋಡೆ ಬರೀ ಹಲಗೆ, ಒಂದರ ಕೆಳಗೊಂದು, ನಮ್ಮ ಕಿರಾಣಿ ಅಂಗಡಿಯ ಹಳೆಯ ಬಾಗಿಲಿನಷ್ಟು ಸಾದಾ. ನಾನು ಏಳು ವರ್ಷಗಳ ಹಿಂದೆ ಅಲ್ಲಿ ಮೂರು ವಾರ ಇದ್ದಾಗ ಇಂತಹ ಒಂದು ಸಂದಿಯ ಮುಂದೆ ಬಹಳ ಹೊತ್ತು ನಿಂತಿದ್ದೆ. ಮುಂಭಾಗದ ಕೊನೆಯ ಪಟ್ಟಿಯ ತುದಿಯಲ್ಲಿ ಅರ್ಧ ಸೂರ್ಯಕಾಂತಿ ಹೂವಿತ್ತು. ಉಳಿದರ್ಧಕ್ಕೆ ಜಾಗವಿರಲಿಲ್ಲವೋ, ಅದು ಬೀದಿಗೆ ಕಾಣುವುದಿಲ್ಲವೆಂದು ಬಿಟ್ಟರೋ, ಅಂತೂ ಹೂವು ಮೂಲೆಗೆ ಸರಿಯಾಗಿ ಮುಗಿದಿತ್ತು. ಆಗ ನನಗೆ ನೆನಪಾದದ್ದು ನಮ್ಮ ಕಡೆಯ ವಾಡೆಗಳು. ಅವುಗಳ ಹೊರಗೋಡೆ ಕುರುಡು. ಅಗಸಿ ಬಾಗಿಲಿನ ಚೌಕಟ್ಟು ಬಿಟ್ಟರೆ ಬೀದಿಗೆ ತೋರಿಸಲು ಏನೂ ಇಲ್ಲ. ಬಾಗಿಲು ದಾಟಿ ಅಂಗಳಕ್ಕೆ ಬಂದಾಗಲೇ ಪಡಸಾಲೆಯ ಕೆತ್ತನೆಯ ಕಂಬ, ಬೋದಿಗೆ, ತೊಲೆಗಳು ಕಣ್ಣಿಗೆ ಬೀಳುವುದು. ನಮ್ಮ ಮನೆ ತನ್ನ ಸಿಂಗಾರವನ್ನು ಒಳಗಿನವರಿಗೂ ಒಳಗೆ ಕರೆದವರಿಗೂ ಇಟ್ಟುಕೊಂಡರೆ, ಅಲ್ಲಿಯದು ದಾರಿಹೋಕರಿಗೆ ಹಂಚಿಬಿಟ್ಟಿದೆ. ಯಾವುದೇ ಹಳೆಯ ಓಣಿಯಲ್ಲಿ ನಡೆಯುವಾಗ, ಮನೆ ತನ್ನ ಚೆಲುವನ್ನು ಯಾರ ಕಣ್ಣಿಗೆಂದು ಎಲ್ಲಿ ಇಟ್ಟಿದೆ ಎಂದು ಕೇಳಿಕೊಳ್ಳಿ. ಶೈಲಿಯ ಹೆಸರುಗಳು ಮರೆತುಹೋದರೂ ನಷ್ಟವಿಲ್ಲ.

ಅಷ್ಟು ಕಡಿದಾದ ದಿಬ್ಬಗಳ ಮೇಲೆ ಮನೆ ಕಟ್ಟುವ ಧೈರ್ಯ ಬಂದದ್ದು ಕೇಬಲ್ ಕಾರಿನಿಂದ. 1873ರಲ್ಲಿ ಆ್ಯಂಡ್ರೂ ಹ್ಯಾಲಿಡಿ ಎಂಬವರು ಕ್ಲೇ ಬೀದಿಯಲ್ಲಿ ಮೊದಲ ಕೇಬಲ್ ಕಾರನ್ನು ಓಡಿಸಿದರು. ಕುದುರೆ ಎಳೆಯಲಾಗದ ಏರನ್ನು ನೆಲದಡಿಯಲ್ಲಿ ಸದಾ ಓಡುತ್ತಿರುವ ಉಕ್ಕಿನ ಹಗ್ಗ ಎಳೆಯತೊಡಗಿತು. ಅವುಗಳಲ್ಲಿ ಎಷ್ಟೋ ಮನೆಗಳು ಉಳಿಯಲಿಲ್ಲ. 1906ರ ಏಪ್ರಿಲ್ 18ರ ಭೂಕಂಪಕ್ಕಿಂತ ಅದರ ಬೆನ್ನಿಗೆ ಹತ್ತಿದ ಬೆಂಕಿಯೇ ಊರನ್ನು ಹೆಚ್ಚು ನುಂಗಿತು. ಸುಮಾರು 28,000 ಕಟ್ಟಡಗಳು ನಾಶವಾದವು. ಅಗಲವಾದ ವ್ಯಾನ್ ನೆಸ್ ಅವೆನ್ಯೂ ಉದ್ದಕ್ಕೂ ಮನೆಗಳನ್ನು ಸಿಡಿಮದ್ದಿನಿಂದ ಉರುಳಿಸಿ ಬೆಂಕಿಗೆ ತಡೆ ಮಾಡಿದ್ದರಿಂದ ಅದರ ಪಶ್ಚಿಮದ ಬಹುಪಾಲು ಮನೆಗಳು ಬದುಕಿದವು. ನೀವು ನಡೆಯಬೇಕಾದದ್ದು ಆ ಕಡೆಯಲ್ಲಿ. ಬೆಂಕಿ ಬಿಟ್ಟದ್ದನ್ನು ಮನುಷ್ಯರು ಬಿಡಲಿಲ್ಲ ಎಂಬುದನ್ನೂ ಹೇಳಬೇಕು: ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ 'ಪುನರಭಿವೃದ್ಧಿ'ಯ ಹೆಸರಿನಲ್ಲಿ ವೆಸ್ಟರ್ನ್ ಅಡಿಷನ್ ಭಾಗದ ಇಂತಹ ಮನೆಗಳ ಸಾಲುಸಾಲನ್ನೇ ಕೆಡವಿ, ಅಲ್ಲಿದ್ದ ಕಪ್ಪು ಜನರನ್ನೂ ಜಪಾನಿ ಮೂಲದವರನ್ನೂ ಒಕ್ಕಲೆಬ್ಬಿಸಲಾಯಿತು. ರಸ್ತೆ ಅಗಲೀಕರಣವನ್ನು ಕಣ್ಣಾರೆ ಕಂಡಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನೀವು ಫೋಟೊ ತೆಗೆಸಿಕೊಂಡದ್ದು ಅಲಾಮೊ ಸ್ಕ್ವೇರ್ ಉದ್ಯಾನದ ಎದುರಿನ ಸ್ಟೈನರ್ ಬೀದಿಯ ಸಾಲಿನ ಮುಂದೆ ಇರಬೇಕು. ಅವುಗಳನ್ನು 1892ರಿಂದ 1896ರ ನಡುವೆ ಮ್ಯಾಥ್ಯೂ ಕ್ಯಾವನಾ ಎಂಬ ಬಿಲ್ಡರ್ ಕಟ್ಟಿದ. ತಾನೂ ಪಕ್ಕದಲ್ಲಿಯೇ ಮನೆ ಮಾಡಿಕೊಂಡಿದ್ದ. ಕಟ್ಟಿದವನು ಕೊಂಡವರ ನೆರೆಯಲ್ಲೇ ಇರುವುದು ಒಳ್ಳೆಯ ಖಾತರಿ. ಈಗಿನ ಢಾಳಾದ ಬಣ್ಣಗಳು ಮಾತ್ರ ಆ ಕಾಲದವಲ್ಲ. ನಡುವೆ ಎಷ್ಟೋ ವರ್ಷ ಊರಿನ ಬಹಳಷ್ಟು ಮನೆಗಳು ಬೂದು ಬಣ್ಣ ಬಳಿದುಕೊಂಡು ನಿಂತಿದ್ದವು. 1960ರ ದಶಕದಲ್ಲಿ ಕೆಲವು ಕಲಾವಿದರು ತಮ್ಮ ಮನೆಗಳಿಗೆ ಗಾಢ ಬಣ್ಣ ಬಳಿಯಲು ಆರಂಭಿಸಿದ ಮೇಲೆ ಅದು ಓಣಿಯಿಂದ ಓಣಿಗೆ ಹಬ್ಬಿತು.

ಇನ್ನು ನಿಮ್ಮ ಮೊಣಕಾಲಿಗೆ ಹೊಂದುವ ದಾರಿ. ಮಗಳು ನಿಮ್ಮನ್ನು ಕಾರಿನಲ್ಲಿ ಫ್ರ್ಯಾಂಕ್ಲಿನ್ ಬೀದಿಗೆ, ವಾಷಿಂಗ್ಟನ್ ಬೀದಿಯ ಮೂಲೆಯ ಹತ್ತಿರ ಕರೆತರಲಿ. ಅಲ್ಲಿ 1886ರಲ್ಲಿ ಕಟ್ಟಿದ ಹಾಸ್–ಲಿಲಿಯೆಂಥಾಲ್ ಮನೆಯಿದೆ. ಜರ್ಮನಿಯ ಬವೇರಿಯಾದಿಂದ ಬಂದ ಯಹೂದಿ ವರ್ತಕ ವಿಲಿಯಂ ಹಾಸ್ ಕಟ್ಟಿಸಿದ್ದು, ಈಗ ವಸ್ತುಸಂಗ್ರಹಾಲಯ. ದುಂಡು ಗೋಪುರದ ಈ ಕ್ವೀನ್ ಆ್ಯನ್ ಮನೆಯ ಒಳಗೆ ಹೋಗಲು ಸಿಗುವುದರಿಂದ, ಮುಂದಿನ ಕೋಣೆಗಳನ್ನು ಬಂದವರಿಗೆ ತೋರಿಸಲೆಂದೇ ಹೇಗೆ ಸಜ್ಜುಗೊಳಿಸುತ್ತಿದ್ದರು ಎಂಬುದನ್ನು ಕಣ್ಣಾರೆ ನೋಡಬಹುದು. ಅಲ್ಲಿಂದ ಅದೇ ಬೀದಿಯಲ್ಲಿ ದಕ್ಷಿಣಕ್ಕೆ ಹೊರಟರೆ ಬಹುಪಾಲು ಇಳಿಜಾರು. ಸುಮಾರು ಒಂದು ಕಿಲೊಮೀಟರ್ ದೂರದೊಳಗೆ ಮೂರು ಹಳೆಯ ಚರ್ಚುಗಳು ಸಿಗುತ್ತವೆ. ಬುಷ್ ಬೀದಿಯಲ್ಲಿ ಒಂದು ಮೂಲೆ ಪಶ್ಚಿಮಕ್ಕೆ ಹೋದರೆ 1893ರ ಟ್ರಿನಿಟಿ ಚರ್ಚು. ಗೇರಿ ಬೀದಿಯ ಮೂಲೆಯಲ್ಲಿ 1889ರ ಯೂನಿಟೇರಿಯನ್ ಚರ್ಚು. ಅದರ ಹಿಂದಿನ ಒ'ಫ್ಯಾರಲ್ ಬೀದಿಯಲ್ಲಿ 1895ರ ಸೇಂಟ್ ಮಾರ್ಕ್ಸ್ ಲೂಥರನ್ ಚರ್ಚು.

ಈ ಚರ್ಚುಗಳನ್ನು ನೋಡಲು ನಿಮ್ಮ ಕಣ್ಣು ಆಗಲೇ ಅರ್ಧ ಸಿದ್ಧವಾಗಿದೆ. ಕಲಬುರಗಿ ಕೋಟೆಯೊಳಗಿನ 1367ರ ಜಾಮಿ ಮಸೀದಿಯಲ್ಲಿ ತುದಿ ಚೂಪಾದ ಕಮಾನುಗಳ ಸಾಲುಗಳನ್ನು ನೀವು ಶಾಲೆಯ ಮಕ್ಕಳಿಗೆ ತೋರಿಸಿಯೇ ಇರುತ್ತೀರಿ. ಯೂರೋಪಿನ ಗಾಥಿಕ್ ಚರ್ಚುಗಳ ಗುರುತೂ ಚೂಪು ಕಮಾನೇ. ಇಸ್ಲಾಮಿ ಕಟ್ಟಡಗಳಲ್ಲಿ ಅದು ಅದಕ್ಕೂ ಮೊದಲೇ ಬಳಕೆಯಲ್ಲಿತ್ತು. 19ನೆಯ ಶತಮಾನದಲ್ಲಿ ಇಂಗ್ಲೆಂಡಿನ ಪ್ಯೂಜಿನ್‌ನಂತಹ ವಾಸ್ತುಶಿಲ್ಪಿಗಳು, ಕಾರ್ಖಾನೆಯ ಕಾಲದ ಮನುಷ್ಯನಿಗೆ ಮಧ್ಯಯುಗದ ಭಕ್ತಿಯನ್ನು ನೆನಪಿಸಬೇಕೆಂದು ಆ ಕಮಾನನ್ನು ಮರಳಿ ತಂದರು. ಯೂನಿಟೇರಿಯನ್ ಚರ್ಚಿನ ಬೂದುಗಲ್ಲಿನ ಗಾಥಿಕ್ ರೂಪ ಆ ಅಲೆಯದು. ಸೇಂಟ್ ಮಾರ್ಕ್ಸ್ ಕೆಂಪು ಇಟ್ಟಿಗೆಯದು, ಅದರ ಕಮಾನುಗಳು ದುಂಡು. ಅದು ಗಾಥಿಕ್‌ಗಿಂತ ಹಿಂದಿನ ರೋಮನೆಸ್ಕ್ ಶೈಲಿಯನ್ನು ನೆನಪಿಸಿಕೊಂಡು ಕಟ್ಟಿದ್ದು. ಚೂಪು, ದುಂಡು ಎಂಬ ಈ ವ್ಯತ್ಯಾಸವನ್ನು ಮೊದಲು ಹಿಡಿಯಿರಿ, ಆಮೇಲೆ ಬಣ್ಣದ ಗಾಜು. ಬಣ್ಣದ ಗಾಜಿನ ಕಿಟಕಿ ಹೊರಗಿನಿಂದ ಮಸಿ ಬಳಿದ ತಗಡಿನಂತೆ ಕಾಣುತ್ತದೆ. ಅದನ್ನು ಹಗಲಿನಲ್ಲಿ ಒಳಗೆ ನಿಂತೇ ನೋಡಬೇಕು. ಅಂದರೆ, ಮರದ ಮನೆಗಳಂತಲ್ಲದೆ ಚರ್ಚು ತನ್ನ ಚೆಲುವಿನ ಒಂದು ಪಾಲನ್ನಾದರೂ ನಮ್ಮ ವಾಡೆಯಂತೆ ಒಳಗೆ ಇಟ್ಟುಕೊಂಡಿದೆ.

ಯೂನಿಟೇರಿಯನ್ ಚರ್ಚಿನ ಹೊರಗೆ ಒಂದು ಕಲ್ಲಿನ ಸಮಾಧಿಯಿದೆ, ತಪ್ಪಿಸಬೇಡಿ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಕ್ಯಾಲಿಫೋರ್ನಿಯಾ ಒಕ್ಕೂಟದಲ್ಲಿಯೇ ಉಳಿಯಬೇಕೆಂದು ಊರೂರು ತಿರುಗಿ ಭಾಷಣ ಮಾಡಿ, 1864ರಲ್ಲಿ ನಲವತ್ತು ತುಂಬುವ ಮೊದಲೇ ತೀರಿಕೊಂಡ ಪಾದ್ರಿ ಥಾಮಸ್ ಸ್ಟಾರ್ ಕಿಂಗ್ ಅವರದು. ಆಮೇಲೆ ಆ ನಗರ ತನ್ನ ಸ್ಮಶಾನಗಳನ್ನೆಲ್ಲ ಬಹುಮಟ್ಟಿಗೆ ಊರ ಹೊರಗಿನ ಕೊಲ್ಮಾ ಎಂಬಲ್ಲಿಗೆ ಸಾಗಿಸಿತು. ಇದು ಮಾತ್ರ ರಸ್ತೆಯ ಪಕ್ಕದಲ್ಲಿ ಉಳಿದುಕೊಂಡಿದೆ.

ಇನ್ನೊಂದು ದಿನ ಕ್ಯಾಲಿಫೋರ್ನಿಯಾ ಬೀದಿಯ ಕೇಬಲ್ ಕಾರಿನಲ್ಲಿ ಕುಳಿತು ಚೈನಾಟೌನ್ ಕಡೆಗೆ ಹೋದರೆ 1854ರ ಓಲ್ಡ್ ಸೇಂಟ್ ಮೇರೀಸ್ ಚರ್ಚು ಸಿಗುತ್ತದೆ. 1906ರಲ್ಲಿ ಅದರ ಒಳಗೆಲ್ಲ ಸುಟ್ಟುಹೋಗಿ ಇಟ್ಟಿಗೆಯ ಗೋಡೆಗಳು ಮಾತ್ರ ನಿಂತಿದ್ದವು. ಅದರ ಗೋಪುರದ ಗಡಿಯಾರದ ಕೆಳಗೆ, 'ಮಗನೇ, ಸಮಯವನ್ನು ಗಮನಿಸು, ಕೆಡುಕಿನಿಂದ ಓಡಿಹೋಗು' ಎಂಬ ಅರ್ಥದ ಬರಹವಿದೆ. ಚಿನ್ನದ ಆಸೆಗೆ ಬಂದು ಜೂಜು, ಕುಡಿತಗಳಲ್ಲಿ ಮುಳುಗಿದ್ದ ಅಂದಿನ ಗಂಡಸರಿಗೆ ಎದುರು ಬೀದಿಯಿಂದಲೇ ಕಾಣಲೆಂದು ಬರೆಸಿದ್ದಂತೆ ತೋರುತ್ತದೆ.

ಎರಡು ಸಣ್ಣ ಮಾತು. ಕಲಬುರಗಿಯ ಮೇ ತಿಂಗಳಿನಿಂದ ಹೊರಡುವ ನೀವು ಅಲ್ಲಿಯ ಜುಲೈ ತಿಂಗಳಿಗೆ ಶಾಲು, ಸ್ವೆಟರ್ ಒಯ್ಯಲೇಬೇಕು. ಮಧ್ಯಾಹ್ನದ ಮೇಲೆ ಸಮುದ್ರದಿಂದ ಬರುವ ಮಂಜು ಮೂಳೆಗೆ ಇಳಿಯುತ್ತದೆ. ಇನ್ನು, ಹಣ ಕೊಟ್ಟು ಸೇರುವ ಗುಂಪಿನ ನಡಿಗೆಗಳನ್ನು ವಿಚಾರಿಸಿ ಆರಿಸಿಕೊಳ್ಳಿ. ನಾನು ಸೇರಿದ್ದ ಒಂದು ನಡಿಗೆಯಲ್ಲಿ ಮಾರ್ಗದರ್ಶಕರು ಎರಡು ಗಂಟೆಯೂ ಯಾವ ಮನೆಯಲ್ಲಿ ಯಾವ ಸಿನಿಮಾದ ಚಿತ್ರೀಕರಣ ನಡೆಯಿತು ಎಂಬುದನ್ನೇ ಹೇಳಿದರು. ಆ ಸೂರ್ಯಕಾಂತಿಯ ಮುಂದೆ ನಾನು ನಿಂತದ್ದು ಆ ಗುಂಪಿನಿಂದ ತಪ್ಪಿಸಿಕೊಂಡಾಗಲೇ.

ಪ್ರಶ್ನೆ: ನಮ್ಮ ಹೈದರಾಬಾದ್ ಕರ್ನಾಟಕದಲ್ಲಿ ವಿಕ್ಟೋರಿಯನ್ ಮನೆಗಳಿವೆಯೇ? ಇಲ್ಲದಿದ್ದರೆ ಏಕೆ? (ಪದವಿ ವಿದ್ಯಾರ್ಥಿ, ಸುರಪುರ, ಯಾದಗಿರಿ ಜಿಲ್ಲೆ)

ಉತ್ತರ: ಇಲ್ಲವೆಂದೇ ಹೇಳಬೇಕು, ಕಾರಣವೂ ಸರಳ. ನಮ್ಮ ಜಿಲ್ಲೆಗಳು ನಿಜಾಮರ ಆಡಳಿತದಲ್ಲಿದ್ದವು. ಬ್ರಿಟಿಷರ ದಂಡು ಬೀಡುಬಿಟ್ಟದ್ದು ಸಿಕಂದರಾಬಾದಿನಲ್ಲಿ. ಬೆಂಗಳೂರಿನ ದಂಡು ಪ್ರದೇಶದಲ್ಲಿ ಕಾಣುವಂತಹ ಬಂಗಲೆ, ಚರ್ಚುಗಳ ಸಾಲು ಇಲ್ಲಿ ಬೆಳೆಯಲು ಅವಕಾಶವಿರಲಿಲ್ಲ. ಆದರೆ ನೀವು ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ನಿಮ್ಮ ಊರಿನ ಗುಡ್ಡದ ಮೇಲೆಯೇ ಇದೆ. ನಿಜಾಮರ ಸೇವೆಯಲ್ಲಿದ್ದ ಫಿಲಿಪ್ ಮೆಡೋಸ್ ಟೇಲರ್ 1841ರಲ್ಲಿ, ರಾಜಾ ವೆಂಕಟಪ್ಪ ನಾಯಕ ಇನ್ನೂ ಬಾಲಕನಾಗಿದ್ದಾಗ, ಸುರಪುರ ಸಂಸ್ಥಾನದ ಆಡಳಿತ ನೋಡಿಕೊಳ್ಳಲು ಬಂದು 1853ರವರೆಗೆ ಇದ್ದರು. ಅವರು ಕಟ್ಟಿಸಿದ ಮನೆಯೇ ಟೇಲರ್ ಮಂಜಿಲ್. ವಿಕ್ಟೋರಿಯಾ ಪಟ್ಟಕ್ಕೆ ಬಂದು ಕೆಲವೇ ವರ್ಷಗಳಾಗಿದ್ದವು. ಕಾಲದ ಲೆಕ್ಕದಲ್ಲಿ ಅದು ವಿಕ್ಟೋರಿಯನ್ ಮನೆ. ಶೈಲಿಯ ಲೆಕ್ಕದಲ್ಲಿ ಅಲ್ಲ. ಮೇಲಿನ ಉತ್ತರದಲ್ಲಿ ಹೇಳಿದ ಯಂತ್ರದ ಕೆತ್ತನೆ, ರೈಲಿನಲ್ಲಿ ಬರುವ ಸಾಮಾನು ಯಾವುದೂ ಆಗ ಸುರಪುರಕ್ಕೆ ತಲುಪುವಂತಿರಲಿಲ್ಲ; ರೈಲು ರಾಯಚೂರು ಮುಟ್ಟಿದ್ದೇ 1871ರಲ್ಲಿ. ನೀವು ನಿಮ್ಮ ಗೆಳೆಯರೊಂದಿಗೆ ಅರಮನೆಯಿಂದ ಟೇಲರ್ ಮಂಜಿಲ್‌ವರೆಗೆ ಒಂದು ಬೆಳಿಗ್ಗೆ ನಡೆದುಹೋಗಿ, ಎರಡೂ ಕಟ್ಟಡಗಳು ಯಾವ ದಿಕ್ಕಿಗೆ ಮುಖ ಮಾಡಿವೆ, ಅಲ್ಲಿಂದ ಏನು ಕಾಣುತ್ತದೆ ಎಂದು ಬರೆದಿಟ್ಟುಕೊಳ್ಳಿ. ಊರಿನ ಒಳಗೆ ಇದ್ದ ರಾಜನಿಗೂ ಊರ ಹೊರಗಿನ ಗುಡ್ಡವನ್ನು ಆರಿಸಿಕೊಂಡ ಅಧಿಕಾರಿಗೂ ಇದ್ದ ಅಂತರ ಆ ನಡಿಗೆಯಲ್ಲಿಯೇ ತಿಳಿಯುತ್ತದೆ. 1858ರಲ್ಲಿ ಅದೇ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದು ನಿಂತದ್ದು ನಿಮಗೆ ಗೊತ್ತೇ ಇದೆ.

ಪ್ರಶ್ನೆ: ಬೀದರಿನಲ್ಲಿ ನಮ್ಮ ಬಡಾವಣೆಯ ಹತ್ತು ಹನ್ನೆರಡು ಮಕ್ಕಳನ್ನು ಭಾನುವಾರ ಹಳೆಯ ಊರಿನಲ್ಲಿ ನಡೆಸಿಕೊಂಡು ಹೋಗಬೇಕೆಂದಿದ್ದೇವೆ. ಎಲ್ಲಿಂದ ಎಲ್ಲಿಗೆ? ಚರ್ಚನ್ನೂ ತೋರಿಸಬಹುದೇ? (ಗೃಹಿಣಿ, ಬೀದರ್)

ಉತ್ತರ: ಚೌಬಾರದಿಂದ ಹೊರಡಿ. 71 ಅಡಿ ಎತ್ತರದ ಆ ದುಂಡು ಗೋಪುರ ನಾಲ್ಕು ದಾರಿ ಕೂಡುವಲ್ಲಿದೆ, ಮಕ್ಕಳಿಗೆ ಊರಿನ ನಕ್ಷೆ ತಾನಾಗಿ ತಲೆಯಲ್ಲಿ ಮೂಡುತ್ತದೆ. ಅಲ್ಲಿಂದ ಕೋಟೆಯ ಕಡೆಗೆ ಹೋಗುವ ರಸ್ತೆಯಲ್ಲಿಯೇ ಮಹಮೂದ್ ಗವಾನರ ಮದರಸಾ ಇದೆ. ದಾರಿಯಲ್ಲಿ ಉಳಿದಿರುವ ಹಳೆಯ ಮನೆಗಳ ಬಾಗಿಲಿನ ಚೌಕಟ್ಟುಗಳನ್ನು ಎಣಿಸಲು ಹೇಳಿ. ಆದರೆ ತೆರೆದ ಬಾಗಿಲಿನೊಳಗೆ ಮೊಬೈಲ್ ಹಿಡಿಯಬಾರದೆಂದು ಮೊದಲೇ ತಾಕೀತು ಮಾಡಿ, ಅದು ಯಾರದೋ ಮನೆ. ಮನೆಯ ಅಜ್ಜ ಅಜ್ಜಿ ಕಟ್ಟೆಯ ಮೇಲೆ ಕುಳಿತಿದ್ದರೆ ಕೇಳಿಕೊಂಡು ಒಳಗೆ ಹೋಗಬಹುದು. ಬಹುಪಾಲು ಜನ ಇಲ್ಲವೆನ್ನುವುದಿಲ್ಲ.

ಚರ್ಚನ್ನು ಅಗತ್ಯವಾಗಿ ತೋರಿಸಿ. ಮಂಗಲಪೇಟೆಯ ಸೇಂಟ್ ಪಾಲ್ ಮೆಥೋಡಿಸ್ಟ್ ಚರ್ಚಿಗೆ ಭಾನುವಾರದ ಆರಾಧನೆ ಮುಗಿದ ಮೇಲೆ, ಹಿಂದಿನ ದಿನವೇ ಸಭಾಪಾಲಕರಿಗೆ ತಿಳಿಸಿ ಹೋಗುವುದು ಒಳ್ಳೆಯದು. ಅಲ್ಲಿ ಕಿಟಕಿಯ ಕಮಾನು ಚೂಪೋ ದುಂಡೋ ಎಂದು ಮಕ್ಕಳೇ ನೋಡಿ ಹೇಳಲಿ.

ಮದರಸಾಕ್ಕೆ ಮಾತ್ರ ಹೆಚ್ಚು ಸಮಯ ಇಟ್ಟುಕೊಳ್ಳಿ. 1472ರಲ್ಲಿ ಕಟ್ಟಿದ ಅದರ ಮುಂಭಾಗದಲ್ಲಿ ಎರಡು ಮಿನಾರುಗಳಿದ್ದವು. 17ನೆಯ ಶತಮಾನದ ಕೊನೆಗೆ, ಮೊಘಲರ ಕಾಲದಲ್ಲಿ ನಡೆದ ಸ್ಫೋಟದಲ್ಲಿ ಒಂದು ಮಿನಾರೂ ಮುಂಭಾಗದ ಬಹಳಷ್ಟೂ ಕುಸಿದುಬಿದ್ದವು. ಉಳಿದ ಮಿನಾರಿನ ಮೈಮೇಲೆ ಬಣ್ಣದ ಹೆಂಚಿನ ತುಂಡುಗಳು ಅಲ್ಲಲ್ಲಿ ಇನ್ನೂ ಅಂಟಿಕೊಂಡಿವೆ. ಮಕ್ಕಳನ್ನು ಅದರ ಬುಡದಲ್ಲಿ ನಿಲ್ಲಿಸಿ, ಇಲ್ಲದ ಆ ಇನ್ನೊಂದು ಮಿನಾರು ಎಲ್ಲಿ ನಿಂತಿರಬೇಕು ಎಂದು ಹೆಜ್ಜೆ ಹಾಕಿ ಅಳೆದು ಹುಡುಕಲು ಬಿಡಿ.